ಲೆನ್ಸ್ ಹೇಗಿದೆ ಅಂತ ಕೇಳಿದ್ದೆಯಲ್ಲ

ಪ್ರೀತಿಯ ಗೆಳೆಯಾ,

ನೀನು ಮೂರು ಸಲ ಕೇಳಿದೆ, ನಾನು ಮೂರು ಸಲವೂ "ಚೆನ್ನಾಗಿದೆ" ಅಂತ ಹೇಳಿ ಮಾತು ತಿರುಗಿಸಿದೆ. 70-200 ಎಫ್ 2.8ರಂಥ ಲೆನ್ಸನ್ನು, ಅಂದರೆ 70ರಿಂದ 200 ಮಿ.ಮೀ.ವರೆಗೆ ದೂರದ್ದನ್ನು ಹತ್ತಿರ ತೋರಿಸುವ, ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ) ಎಫ್ 2.8ರವರೆಗೆ ತೆರೆಯುವ ಟೆಲಿ ಜೂಮನ್ನು, ಒಂದು ಪದದಲ್ಲಿ ಮುಗಿಸಬಾರದಿತ್ತು. ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ, ಯಾಕೆಂದರೆ ಹೊಸ ಟೆಲಿ ಜೂಮ್ ಕೈಗೆ ಬಂದ ಮೊದಲ ವಾರ ಏನು ಮಾಡಬೇಕು ಅನ್ನುವುದು ನಿನ್ನೊಬ್ಬನ ಪ್ರಶ್ನೆಯಲ್ಲ. ನಡುವೆ ನಮ್ಮಿಬ್ಬರದೇ ಮಾತು ಬಂದರೆ ಉಳಿದವರು ಕ್ಷಮಿಸಲಿ. ಕಾಗೆಯ ವಿಷಯ ಎತ್ತುವುದಿಲ್ಲ, ಹೆದರಬೇಡ.

ಮೊದಲು ತೂಕ. 200ನ್ನು 2.8ರಿಂದ ಭಾಗಿಸು, 71 ಬರುತ್ತದೆ. 200 ಮಿ.ಮೀ.ನಲ್ಲಿ ಪೂರ್ತಿ ತೆರೆದ ಅಪರ್ಚರ್ ಮುಂದಿನಿಂದ ನೋಡಿದರೆ 71 ಮಿ.ಮೀ. ಅಗಲ ಕಾಣಬೇಕು. ಮುಂದಿನ ಗಾಜು ಅದಕ್ಕಿಂತ ಚಿಕ್ಕದಾಗುವಂತಿಲ್ಲ. ಅದಕ್ಕೇ ಈ ಜಾತಿಯ ಬಹುಪಾಲು ಲೆನ್ಸುಗಳಿಗೆ 77 ಮಿ.ಮೀ. ಫಿಲ್ಟರ್ (ಮುಂದೆ ತಿರುಗಿಸಿ ಕೂರಿಸುವ ಗಾಜು), ಅದಕ್ಕೇ ಒಂದರಿಂದ ಒಂದೂವರೆ ಕಿಲೋ ತೂಕ. ಎಫ್ 4ರ ಲೆನ್ಸಿಗೆ 50 ಮಿ.ಮೀ. ಸಾಕಾಗುತ್ತದೆ, ಭಾರವೂ ಸಾಕಷ್ಟು ಇಳಿಯುತ್ತದೆ. ಇಷ್ಟು ತೂಕವನ್ನು ಕ್ಯಾಮೆರಾ ಹಿಡಿದು ಎತ್ತಬೇಡ, ಲೆನ್ಸ್ ಹಿಡಿದು ಎತ್ತು. ಲೆನ್ಸ್ ಕ್ಯಾಮೆರಾಕ್ಕೆ ಕೂರುವ ಮೌಂಟಿಗೆ ಆ ಎಳೆತ ಬೇಡ.

ಚಿತ್ರ ತೆಗೆಯುವ ಮೊದಲು ಎರಡು ಕೆಲಸ. ಕತ್ತಲೆ ಕೋಣೆಯಲ್ಲಿ ಸಣ್ಣ ಟಾರ್ಚನ್ನು ಹಿಂದಿನ ಗಾಜಿನಿಂದ ಓರೆಯಾಗಿ ಹಾಯಿಸಿ ಮುಂದಿನಿಂದ ನೋಡು. ನಾಲ್ಕಾರು ಧೂಳಿನ ಕಣ ಹೊಸ ಲೆನ್ಸಿನಲ್ಲೂ ಇರುತ್ತವೆ, ಚಿತ್ರಕ್ಕೆ ಏನೂ ಮಾಡುವುದಿಲ್ಲ. ಮಂಜಿನಂಥ ಪೊರೆ ಅಥವಾ ಜೇಡರ ಬಲೆಯಂಥ ಎಳೆ ಕಂಡರೆ ಅಲ್ಲೇ ನಿಲ್ಲಿಸು, ಹಿಂದಿರುಗಿಸು. ಎರಡನೆಯದು, ಯುವಿ ಫಿಲ್ಟರ್ ಇದ್ದರೆ ಬಿಚ್ಚಿಡು. ವೈಡ್ ಲೆನ್ಸಿನಲ್ಲಿ ಗೊತ್ತೇ ಆಗದ ಕಳಪೆ ಫಿಲ್ಟರ್, 200 ಮಿ.ಮೀ.ನಲ್ಲಿ ಇಡೀ ಚಿತ್ರವನ್ನು ಮೆತ್ತಗಾಗಿಸುತ್ತದೆ. ಲೆನ್ಸಿನ ಮೇಲೆ ಬಂದ ಎಷ್ಟೋ ದೂರು ನಿಜವಾಗಿ ಆ ಫಿಲ್ಟರಿನದು.

ಇನ್ನು ಮುಖ್ಯವಾದದ್ದು, ಡಿಸೆಂಟರಿಂಗ್. ಜೂಮ್ ಲೆನ್ಸಿನೊಳಗೆ ಗಾಜಿನ ಗುಂಪುಗಳು ಒಂದಕ್ಕೊಂದು ಸರಿದಾಡುತ್ತವೆ. ಒಂದು ಗುಂಪು ಕೂದಲೆಳೆಯಷ್ಟು ವಾಲಿದ್ದರೂ ಚಿತ್ರದ ಒಂದು ಮೂಲೆ ಮಸುಕಾಗುತ್ತದೆ. ಇದನ್ನು ಪರೀಕ್ಷಿಸಲು ಎಲ್ಲರೂ ಇಟ್ಟಿಗೆ ಗೋಡೆಯ ಮುಂದೆ ನಿಲ್ಲುತ್ತಾರೆ. ಅದು ಬೇಡ. ಕ್ಯಾಮೆರಾ ಗೋಡೆಗೆ ಸರಿಯಾಗಿ ಎದುರಿಲ್ಲದಿದ್ದರೆ ಒಳ್ಳೆಯ ಲೆನ್ಸೂ ಕೆಟ್ಟದ್ದಾಗಿ ಕಾಣುತ್ತದೆ. ಅದರ ಬದಲು 80-100 ಮೀಟರ್ ದೂರದ ಒಂದೇ ಒಂದು ವಸ್ತು ಹುಡುಕು: ಆಂಟೆನಾ, ಎಲೆಯುದುರಿದ ಕೊಂಬೆ, ಬೋರ್ಡಿನ ಅಕ್ಷರ. ಟ್ರೈಪಾಡ್, ಎಫ್ 2.8, ಅತಿ ಕಡಿಮೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ), ಸ್ಟೆಬಿಲೈಸರ್ (ಕೈಯ ಅಲುಗಾಟ ಸರಿದೂಗಿಸುವ ವ್ಯವಸ್ಥೆ) ಆಫ್, 2 ಸೆಕೆಂಡಿನ ಟೈಮರ್. ಆ ವಸ್ತುವನ್ನು ಮೊದಲು ನಡುವೆ, ಆಮೇಲೆ ಒಂದೊಂದಾಗಿ ನಾಲ್ಕು ಮೂಲೆಗೆ ತಾ. ಪ್ರತಿ ಜಾಗದಲ್ಲೂ ಫೋಕಸ್ ಬಿಂದುವನ್ನು ಅಲ್ಲಿಗೇ ಸರಿಸಿ ಹೊಸದಾಗಿ ಫೋಕಸ್ ಮಾಡಿ ಮೂರು ಮೂರು ಚಿತ್ರ ತೆಗೆ, ಮೂರರಲ್ಲಿ ಚೆನ್ನಾಗಿರುವುದನ್ನು ಲೆಕ್ಕಕ್ಕೆ ಹಿಡಿ. 70, 135, 200 ಮೂರರಲ್ಲೂ ಮಾಡು, ಒಂದು ತುದಿಯಲ್ಲಿ ಸರಿಯಿದ್ದು ಇನ್ನೊಂದರಲ್ಲಿ ವಾಲುವ ಲೆನ್ಸುಗಳಿವೆ.

ನೋಡುವಾಗ ಶೇ. 100ಕ್ಕೆ ಹಿಗ್ಗಿಸಿ ನೋಡು. 300ಕ್ಕೆ ಹೋದರೆ ಯಾವ ಲೆನ್ಸೂ ಉಳಿಯುವುದಿಲ್ಲ. ಮೂಲೆಗಳು ನಡುವಿಗಿಂತ ಮೆತ್ತಗಿದ್ದರೆ ಚಿಂತೆಯಿಲ್ಲ, ಎಫ್ 2.8ರಲ್ಲಿ ಅದು ಸಹಜ. ನಾಲ್ಕೂ ಮೂಲೆ ಒಂದೇ ಥರ ಇವೆಯೇ ಅನ್ನುವುದಷ್ಟೇ ಮುಖ್ಯ. ಮೂರು ಚೆನ್ನಾಗಿದ್ದು ಒಂದು ಮಾತ್ರ ಬಿದ್ದಿದೆ, ಅಪರ್ಚರನ್ನು ಎಫ್ 5.6ಕ್ಕೆ ಕಿರಿದಾಗಿಸಿದರೂ ಅದೊಂದೇ ಹಿಂದುಳಿದಿದೆ ಅಂದರೆ ಆ ಲೆನ್ಸ್ ಇಟ್ಟುಕೊಳ್ಳಬೇಡ.

ಆದರೆ ತೀರ್ಪು ಕೊಡುವ ಮೊದಲು ಗಾಳಿಯ ಲೆಕ್ಕ ಹಾಕು. ಬಿಸಿಲೇರಿದ ಮೇಲೆ ಟಾರು ರಸ್ತೆ, ಹೆಂಚಿನ ಮೇಲಿಂದ ಏಳುವ ಬಿಸಿಗಾಳಿ ಟೆಲಿ ಲೆನ್ಸಿನ ಮೊದಲ ಶತ್ರು. ಪರೀಕ್ಷೆಗೆ ಬೆಳಗಿನ ಹೊತ್ತು ಅಥವಾ ಮೋಡದ ದಿನ ಸರಿ. ಅನುಮಾನ ಬಂದರೆ ಹತ್ತು ಚಿತ್ರ ಒಟ್ಟಿಗೆ ಹೊಡೆದು ಜೋಡಿಸಿ ನೋಡು. ಮಸುಕು ಚಿತ್ರದಿಂದ ಚಿತ್ರಕ್ಕೆ ಜಾಗ ಬದಲಿಸಿದರೆ ಗಾಳಿ, ಹತ್ತರಲ್ಲೂ ಅದೇ ಮೂಲೆಯಲ್ಲಿದ್ದರೆ ಗಾಜು. ಬೆಚ್ಚಗಿನ ಕೋಣೆಯಿಂದ ಚಳಿಗೆ ತಂದ ಕೂಡಲೇ ತೆಗೆದರೂ ಹೀಗಾಗುತ್ತದೆ. ಲೆನ್ಸಿನ ಮುಂದೆ ಹಾಕುವ ಉದ್ದನೆಯ ಹುಡ್ಡಿನೊಳಗೆ ಬಿಸಿ ಮತ್ತು ತಣ್ಣನೆಯ ಗಾಳಿ ಬೆರೆತು ಕದಡುತ್ತಿರುತ್ತದೆ. ಅರ್ಧ ಗಂಟೆ ಬಿಟ್ಟು ತೆಗೆ.

ಆಟೋಫೋಕಸ್ ಬಗ್ಗೆ ಚುಟುಕಾಗಿ ಹೇಳುತ್ತೇನೆ, ನಿನ್ನದೂ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ ಕ್ಯಾಮೆರಾ) ತಾನೆ. ಡಿಎಸ್‌ಎಲ್‌ಆರ್‌ನಲ್ಲಿ (ಒಳಗೆ ಕನ್ನಡಿಯಿರುವುದು) ಫೋಕಸ್ ಅಳೆಯುವ ಸೆನ್ಸರ್ ಬೇರೆ ಕಡೆ ಇರುವುದರಿಂದ ಫೋಕಸ್ ಮುಂದೋ ಹಿಂದೋ ಬಿದ್ದರೆ ಹೊಂದಿಸಿಕೊಳ್ಳಬೇಕಿತ್ತು. ಮಿರರ್‌ಲೆಸ್‌ನಲ್ಲಿ ಚಿತ್ರದ ಸೆನ್ಸರೇ ಅಳೆಯುವುದರಿಂದ ಆ ತಲೆನೋವು ಬಹುಮಟ್ಟಿಗೆ ಇಲ್ಲ. ಆದರೂ 10 ಮೀಟರ್ ದೂರದಲ್ಲಿ ಏನಾದರೂ ಇಟ್ಟು, ಹತ್ತಿರದ ತುದಿಯಿಂದ ಹತ್ತು ಸಲ, ಅನಂತದಿಂದ ಹತ್ತು ಸಲ ಫೋಕಸ್ ಮಾಡಿಸು. ಎರಡೂ ಕಡೆಯಿಂದ ಬಂದು ಒಂದೇ ಜಾಗದಲ್ಲಿ ನಿಂತರೆ ಸರಿ. ಒಂದು ನೆನಪಿಡು: ಫುಲ್ ಫ್ರೇಮಿನಲ್ಲಿ (35 ಮಿ.ಮೀ. ಫಿಲ್ಮಿನಷ್ಟು ದೊಡ್ಡ ಸೆನ್ಸರ್) 200 ಮಿ.ಮೀ., ಎಫ್ 2.8, 5 ಮೀಟರ್ ದೂರ ಅಂದರೆ ಚೂಪಾಗಿರುವ ಆಳ ಸುಮಾರು 10 ಸೆಂ.ಮೀ. 3 ಮೀಟರಿಗೆ ಬಂದರೆ 4 ಸೆಂ.ಮೀ.ಗೂ ಕಡಿಮೆ. ನೀನು ಉಸಿರು ಬಿಟ್ಟು ಒಂದಿಷ್ಟು ಮುಂದೆ ಬಾಗಿದರೆ ಕಣ್ಣಿನ ಫೋಕಸ್ ಕಿವಿಗೆ ಹೋಗಿರುತ್ತದೆ. ಅದು ಲೆನ್ಸಿನ ತಪ್ಪಲ್ಲ.

ಕೊನೆಯದು ಸ್ಟೆಬಿಲೈಸರ್. ಐದು ಸ್ಟಾಪ್ ಅಂತ ಬರೆದಿದ್ದರೆ (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು ಅಥವಾ ಅರ್ಧ), 1/200 ಸೆಕೆಂಡಿನ ಶಟರ್ ವೇಗದಲ್ಲಿ ಹಿಡಿಯುವ ಕೈ 1/6ರಲ್ಲೂ ಹಿಡಿಯಬಲ್ಲದು ಅಂತ ಲೆಕ್ಕ. ಎದುರಿನವರು ಅಲುಗಿದರೆ ಅದೇನೂ ಮಾಡಲಾರದು. ಪರೀಕ್ಷಿಸುವ ಕ್ರಮ ಹೀಗೆ: ಯಾವುದಕ್ಕೂ ಒರಗದೆ ನಿಂತು, 200 ಮಿ.ಮೀ.ನಲ್ಲಿ, 1/400, 1/200, 1/100, 1/50, 1/25. ಪ್ರತಿ ವೇಗಕ್ಕೆ ಹತ್ತು ಚಿತ್ರ, ಒಮ್ಮೆ ಆನ್, ಒಮ್ಮೆ ಆಫ್. ಒಟ್ಟು ನೂರು. ಶಟರನ್ನು ಅರ್ಧ ಒತ್ತಿ, ಚಿತ್ರ ನಿಂತದ್ದು ಕಂಡ ಮೇಲೆ ಪೂರ್ತಿ ಒತ್ತು. ಆಮೇಲೆ ಚೂಪಾಗಿರುವವನ್ನು ಎಣಿಸು.

ನಾನು ಎಣಿಸಿದೆ. ಆನ್ ಇದ್ದಾಗ 1/50ರಲ್ಲಿ ಹತ್ತಕ್ಕೆ ಒಂಬತ್ತು. ಆಫ್ ಮಾಡಿದಾಗ 1/400ರಲ್ಲಿ ಹತ್ತಕ್ಕೆ ನಾಲ್ಕು.

1/400 ಅಂದರೆ ಫೋಕಲ್ ಲೆಂತಿನ (ಇಲ್ಲಿ 200 ಮಿ.ಮೀ.) ದುಪ್ಪಟ್ಟು. ಸಾಮಾನ್ಯವಾಗಿ ಅಲ್ಲಿ ಎಂಟೊಂಬತ್ತು ಸಿಗಬೇಕು. ಮೊದಲು ಶಟರಿನ ಅದುರು ಅಂದುಕೊಂಡು ಎಲೆಕ್ಟ್ರಾನಿಕ್ ಶಟರಿಗೆ ಬದಲಿಸಿದೆ. ಅದೇ ನಾಲ್ಕು. ಟ್ರೈಪಾಡಿಗೆ ಹಾಕಿದರೆ ಇದೇ ಲೆನ್ಸ್ ನಾಲ್ಕು ಮೂಲೆಗೂ ಚೂಪು. ಹಿಗ್ಗಿಸಿ ನೋಡಿದೆ. ಶಟರ್ ಒತ್ತುವ ಬೆರಳಿನ ತಪ್ಪಾಗಿದ್ದರೆ ಗೆರೆ ಮೇಲಿಂದ ಕೆಳಗೆ ಎಳೆದಿರುತ್ತದೆ. ಇಲ್ಲಿ ಹೊಳೆಯುವ ಚುಕ್ಕೆಗಳೆಲ್ಲ ಅಡ್ಡಡ್ಡ ಬಾಗಿ ಕೊಕ್ಕೆಯ ಹಾಗೆ ತಿರುಗಿದ್ದವು. ಅಲುಗಿದ್ದು ಲೆನ್ಸನ್ನು ಹೊತ್ತ ಎಡಗೈ. ಮರುದಿನ ಬೆಳಿಗ್ಗೆ, ದಣಿವಿಲ್ಲದಾಗ, ಮತ್ತೆ ನೂರು ತೆಗೆದೆ. ಈ ಸಲ ಐದು.

ಹಳೆಯ ಲೆನ್ಸಿನಲ್ಲಿ ನಾನು ವರ್ಷಗಟ್ಟಲೆ ಸ್ಟೆಬಿಲೈಸರ್ ಆಫ್ ಮಾಡಿಯೇ ಇರಲಿಲ್ಲ. ಅಷ್ಟೂ ಕಾಲ ಅದು ಏನನ್ನು ಮುಚ್ಚಿಟ್ಟಿತ್ತೋ ಗೊತ್ತಿಲ್ಲ. ಈಗ ಗಮನಿಸಿದರೆ ಫಿಲ್ಟರ್ ತಿರುಗಿಸುವಾಗ ತಿರುಪಿನ ಎಳೆ ಕೂರುವುದಿಲ್ಲ, ಎರಡು ಸಲ ಅಡ್ಡ ಕಚ್ಚಿಕೊಂಡಿದೆ. ಮನೆಯಲ್ಲಿ ಹೇಳಿಲ್ಲ. ಕಳೆದ ಎರಡು ಸಲ ನೀನು ಕರೆದಾಗ ಬೆನ್ನುನೋವು ಅಂದೆನಲ್ಲ, ಬೆನ್ನಿಗೆ ಏನೂ ಆಗಿರಲಿಲ್ಲ ಕಣೋ. ನಿನ್ನ ಪಕ್ಕ ನಿಂತು ಅದೇ ಹಕ್ಕಿಯನ್ನು ತೆಗೆದು, ಸಂಜೆ ಇಬ್ಬರ ಚಿತ್ರ ಪಕ್ಕಪಕ್ಕ ಇಟ್ಟು ನೋಡುವುದು ನನಗೆ ಬೇಡವಾಗಿತ್ತು. ವೈದ್ಯರಿಗೆ ತೋರಿಸಬೇಕು. ಇನ್ನೂ ತೋರಿಸಿಲ್ಲ.

ಇಷ್ಟೆಲ್ಲ ಬರೆಯಬೇಕೆಂದು ಕೂತಿರಲಿಲ್ಲ. ಲೆನ್ಸಿಗೇ ಬರುತ್ತೇನೆ.

ಟ್ರೈಪಾಡ್ ಕಾಲರ್ (ಲೆನ್ಸಿನ ಸುತ್ತ ಕೂರುವ, ಪಾದವಿರುವ ಬಳೆ) ಬಿಚ್ಚಿಡುವ ಅಭ್ಯಾಸ ಬಿಡು. ಅದರ ಪಾದವನ್ನು ಕೆಳಕ್ಕೆ ತಿರುಗಿಸಿ ಎಡ ಅಂಗೈ ಮೇಲೆ ಕೂರಿಸಿ, ಮೊಣಕೈಯನ್ನು ಪಕ್ಕೆಲುಬಿಗೆ ಒತ್ತಿಕೊಂಡರೆ ಭಾರ ಮಣಿಕಟ್ಟಿನಿಂದ ಮೈಗೆ ಇಳಿಯುತ್ತದೆ. ಇದರಿಂದಲೇ ನನ್ನ ನಾಲ್ಕು ಆರಾಯಿತು. ಮಾನೋಪಾಡ್ (ಒಂಟಿ ಕಾಲಿನ ಊರುಗೋಲು) ಸೇರಿಸಿದರೆ ಒಂಬತ್ತು. ಮಾನೋಪಾಡನ್ನು ಕಾಲರಿಗೆ ಸಿಕ್ಕಿಸು, ಕ್ಯಾಮೆರಾದ ತಳಕ್ಕಲ್ಲ. ತಿರುಪನ್ನು ಪೂರ್ತಿ ಬಿಗಿಯದಿದ್ದರೆ ಅಡ್ಡದಿಂದ ಉದ್ದಕ್ಕೆ ಒಂದೇ ತಿರುವಿನಲ್ಲಿ ಹೋಗಬಹುದು. ಮಾನೋಪಾಡಿನ ಮೇಲೆ ಸ್ಟೆಬಿಲೈಸರ್ ಆನ್ ಇರಲಿ. ಗಟ್ಟಿ ಟ್ರೈಪಾಡಿನ ಮೇಲೆ ಆಫ್ ಮಾಡು, ಇಲ್ಲದ ಅಲುಗಾಟವನ್ನು ಹುಡುಕಹೋಗಿ ಕೆಲವು ಲೆನ್ಸುಗಳು ತಾವೇ ಅಲುಗಿಸುತ್ತವೆ.

ನೀನು ಟೆಲಿಕನ್ವರ್ಟರ್ (ಲೆನ್ಸ್ ಮತ್ತು ಕ್ಯಾಮೆರಾ ನಡುವೆ ಕೂತು ಇನ್ನೂ ಹತ್ತಿರ ತೋರಿಸುವ ಗಾಜು) ಕೊಳ್ಳುವ ಮಾತಾಡಿದ್ದೆ. 1.4 ಹಾಕಿದರೆ 280 ಮಿ.ಮೀ. ಎಫ್ 4, 2 ಹಾಕಿದರೆ 400 ಮಿ.ಮೀ. ಎಫ್ 5.6. ಮೊದಲನೆಯದನ್ನು ಧೈರ್ಯವಾಗಿ ಹಾಕು, ಎರಡನೆಯದಕ್ಕೆ ಒಂದು ಸ್ಟಾಪ್ ಮುಚ್ಚಿ ತೆಗೆ. ಎಲ್ಲ ಲೆನ್ಸಿಗೂ ಇದು ಕೂರುವುದಿಲ್ಲ, ಉದಾಹರಣೆಗೆ ಕ್ಯಾನನ್‌ನ 2019ರ ಆರ್‌ಎಫ್ 70-200 ಎಫ್ 2.8ಕ್ಕೆ ಕನ್ವರ್ಟರ್ ಹಾಕಲು ಆಗುವುದೇ ಇಲ್ಲ. ಕೊಳ್ಳುವ ಮೊದಲು ಪಟ್ಟಿ ನೋಡು.

ಬರುವ ಭಾನುವಾರ ಕರೆದರೆ ಬರುತ್ತೇನೆ. ಮಾನೋಪಾಡ್ ನನ್ನದು, ಕನ್ವರ್ಟರ್ ಬಂದಿದ್ದರೆ ನೀನು ತಾ. ಸೂರ್ಯ ಹುಟ್ಟುವ ಮೊದಲೇ ಹೊರಡೋಣ, ಗಾಳಿ ಕದಡುವ ಮುಂಚೆ. ಕಾಗೆ ಸಿಕ್ಕರೆ ಮೊದಲ ಚಿತ್ರ ನಿನ್ನದೇ.

ನಿನ್ನವನು