ಮಂಜಿಗೂ ಒಂದು ಜೂನ್ 1

ಪ್ರೀತಿಯ ದೋಸ್ತಾ,

ಹೋದ ವಾರ ಉಣಕಲ್ ಕೆರೆ ದಂಡೆಯಲ್ಲಿ ಗಿರ್ಮಿಟ್ ತಿನ್ನುತ್ತಾ ನೀನು ಕೇಳಿದ್ದೆಯಲ್ಲ, 'ಯಾವ ಜ್ವಾಲಾಮುಖಿ ಗುಡ್ಡ ಅಂತಾನೇ ಗೊತ್ತಿರಲಿಲ್ಲ, ಆದ್ರೂ 1257ರಲ್ಲೇ ಸಿಡೀತು ಅಂತ ಹೆಂಗ್ ಹೇಳ್ತಾರೋ?' ನಾನು 'ಮಂಜುಗಡ್ಡೆ ನೋಡಿ' ಅಂದೆ. ನೀನು ನಕ್ಕು ಇನ್ನೊಂದು ಪ್ಲೇಟ್ ಮಿರ್ಚಿ ಹೇಳಿದೆ. ಅದಕ್ಕೇ ಈ ಪತ್ರ.

ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾದ ನಡುಭಾಗದಲ್ಲಿ ಬಿದ್ದ ಹಿಮ ಕರಗುವುದಿಲ್ಲ. ಈ ವರ್ಷದ ಹಿಮದ ಮೇಲೆ ಮುಂದಿನ ವರ್ಷದ್ದು ಕೂರುತ್ತದೆ. ನಿಮ್ಮ ಅಜ್ಜಿ ಮೂಲೆಯಲ್ಲಿ ಕೌದಿ ಒಟ್ಟಿಡುತ್ತಿದ್ದರಲ್ಲ, ಹಾಗೆ. ಮೇಲಿನ ಕೌದಿ ಉಬ್ಬಿಕೊಂಡಿರುತ್ತಿತ್ತು, ತಳದ್ದು ರೊಟ್ಟಿಯಷ್ಟು ಚಪ್ಪಟೆ. (ತಳದ್ದನ್ನೇ ಎಳೆದು ರಾಶಿ ಕೆಡವಿ ಬೈಸಿಕೊಂಡವನು ನೀನು.) ಅಲ್ಲಿ ಬೋರ್‌ವೆಲ್ ಹೊಡೆದಂತೆ ಕೊರೆಯುತ್ತಾರೆ. ಆದರೆ ಅವರಿಗೆ ಬೇಕಾದದ್ದು ನೀರಲ್ಲ, ಕೊರೆದಾಗ ಒಳಗಿಂದ ಬರುವ ಮಂಜಿನ ಕಂಬ. 1993ರಲ್ಲಿ ಅಮೆರಿಕದವರು ಗ್ರೀನ್‌ಲ್ಯಾಂಡ್‌ನಲ್ಲಿ ಮೂರು ಸಾವಿರ ಮೀಟರ್ ದಾಟಿ ತಳದ ಬಂಡೆ ಮುಟ್ಟಿದರು. ಧೂಳು, ಸಮುದ್ರದ ಉಪ್ಪು ಒಂದೊಂದು ಋತುವಿನಲ್ಲಿ ಹೆಚ್ಚಾಗುತ್ತವೆ, ಇಳಿಯುತ್ತವೆ. ಆ ಏರಿಳಿತ ಹಿಡಿದು ವರ್ಷ ಎಣಿಸುವುದು.

ದೊಡ್ಡ ಜ್ವಾಲಾಮುಖಿ ಸಿಡಿದಾಗ ಗಂಧಕದ ಅನಿಲ ಮೋಡಗಳಿಗಿಂತ ಎಷ್ಟೋ ಮೇಲಕ್ಕೆ ಹೋಗಿ ಆಮ್ಲದ ಹನಿಯಾಗುತ್ತದೆ. ಗಾಳಿಯಲ್ಲಿ ತೇಲಿ ಒಂದೆರಡು ವರ್ಷದಲ್ಲಿ ಧ್ರುವಗಳ ಹಿಮದ ಜೊತೆ ಇಳಿಯುತ್ತದೆ. ಆಮ್ಲ ಇರುವ ಮಂಜಿನಲ್ಲಿ ಕರೆಂಟ್ ಜಾಸ್ತಿ ಹರಿಯುತ್ತದೆ. ಹಾಗಾಗಿ ಕಂಬದ ಉದ್ದಕ್ಕೂ ಎರಡು ತಂತಿಯ ಮೊನೆ ಎಳೆದುಕೊಂಡು ಹೋದರೆ ಆ ಪದರ ಬಂದಾಗ ಮೀಟರಿನ ಮುಳ್ಳು ಜಿಗಿಯುತ್ತದೆ. ಎರಡೂ ಧ್ರುವಗಳಲ್ಲಿ ಒಂದೇ ಕಾಲಕ್ಕೆ ಜಿಗಿದರೆ ಗುಡ್ಡ ಸಮಭಾಜಕದ ಆಸುಪಾಸಿನದು ಎಂದು ಲೆಕ್ಕ. 1815ರಲ್ಲಿ ಸಿಡಿದ ಇಂಡೋನೇಷ್ಯಾದ ತಂಬೋರಾ ಹಾಗೆ ಎದ್ದು ಕಾಣುತ್ತದೆ. ಅದಕ್ಕೂ ಮೊದಲು 1809ರಲ್ಲಿ ಇನ್ನೊಂದು ದೊಡ್ಡ ಗುರುತಿದೆ. ಅದು ಯಾವ ಗುಡ್ಡದ್ದು ಅಂತ ಇವತ್ತಿಗೂ ಸಿಕ್ಕಿಲ್ಲ!

ನಿನ್ನ 1257ರದ್ದೂ ಹಾಗೇ ಅನಾಥವಾಗಿತ್ತು. ಗುರುತು ಮಂಜಿನಲ್ಲಿದೆ, ಗುಡ್ಡ ಮಾತ್ರ ಇಲ್ಲ. 2013ರಲ್ಲಿ ಸಿಕ್ಕಿತು, ಇಂಡೋನೇಷ್ಯಾದ ಲೊಂಬೊಕ್ ದ್ವೀಪದ ಸಮಾಲಾಸ್. ಯಾರೂ ಬರೆದಿಟ್ಟಿಲ್ಲ ಅಂತ ನಾವು ಅಂದುಕೊಂಡದ್ದೂ ತಪ್ಪು. ಪಮಾತನ್ ಎಂಬ ಊರು ಬೆಟ್ಟದ ಕೆಸರು ಕಲ್ಲಿನಡಿ ಹೂತುಹೋದ ಕಥೆ ಅಲ್ಲಿಯ ತಾಳೆಗರಿಗಳಲ್ಲಿ ಮೊದಲಿಂದಲೂ ಇತ್ತು. ಅದನ್ನು ಮಂಜಿನ ಪಕ್ಕ ಇಟ್ಟು ಓದಿದವರು ಇರಲಿಲ್ಲ, ಅಷ್ಟೇ.

ಆದರೆ ನನಗೆ ತಲೆಗೆ ಹತ್ತಿದ್ದು ಬೇರೆ ವಿಷಯ. ನನ್ನ ಹುಟ್ಟಿದ ದಿನ ನಿನಗೆ ಗೊತ್ತಲ್ಲ, ನಿನ್ನದೇ ಥರ ಜೂನ್ 1. ನಮ್ಮ ಕ್ಲಾಸಿನ ಅರ್ಧ ಹುಡುಗರದ್ದು ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದೇ ಜಾತಕ. ನನಗೆ 1978 ಅಂತ ಬರೆದರು. ಅವ್ವ ಮಾತ್ರ ಒಪ್ಪುವುದಿಲ್ಲ. 'ಗ್ರಹಣದ ದಿನ ನೀ ಏಳು ತಿಂಗಳ ಹೊಟ್ಟ್ಯಾಗಿದ್ದಿ. ನನ್ನ ಒಳಗ ಕೂರಿಸಿ ಕದಾ ಹಾಕಿದ್ರು. ಮಧ್ಯಾಹ್ನನ ಕೋಳಿ ಗೂಡು ಸೇರಿದ ಸಪ್ಪಳ ಕೇಳಿತ್ತು' ಎನ್ನುತ್ತಾಳೆ. ಹುಬ್ಬಳ್ಳಿಯಲ್ಲಿ ಹಾಡಹಗಲೇ ಕತ್ತಲಾದ ಗ್ರಹಣ 1980ರ ಫೆಬ್ರವರಿ 16ರದ್ದು. ಅಂದರೆ ನಾನು ಹುಟ್ಟಿದ್ದು ಆ ವರ್ಷದ ಏಪ್ರಿಲ್ ಸುಮಾರಿಗೆ. ದಾಖಲೆಯಲ್ಲಿ ಹತ್ತಿರಹತ್ತಿರ ಎರಡು ವರ್ಷ ಮುದುಕ.

ಮಂಜಿನ ಲೆಕ್ಕಕ್ಕೂ ಇದೇ ಆಗಿತ್ತು ನೋಡು. ಬರೀ ಪದರ ಎಣಿಸುತ್ತಾ ಹೋದರೆ ಅಲ್ಲೊಂದು ಇಲ್ಲೊಂದು ತಪ್ಪುತ್ತದೆ. ವರ್ಷ ಗೊತ್ತಿರುವ ಸ್ಫೋಟಗಳ ಪದರ ಹಿಡಿದು ನಡುವೆ ಗೂಟ ಹೊಡೆದುಕೊಂಡಿದ್ದರು, ನಿಜ. ಒಂದು ಪದರವನ್ನು ಕ್ರಿ.ಶ. 79ರಲ್ಲಿ ಸಿಡಿದ ಇಟಲಿಯ ವೆಸುವಿಯಸ್‌ನದು ಎಂದು ನಂಬಿದ್ದರು. ಆ ಗೂಟವೇ ತಪ್ಪು ಜಾಗದಲ್ಲಿತ್ತು. 2012ರಲ್ಲಿ ಜಪಾನಿನ ವಿಜ್ಞಾನಿ ಫುಸಾ ಮಿಯಾಕೆ ಹಳೆಯ ಸೀಡರ್ ಮರದ ಉಂಗುರಗಳಲ್ಲಿ ಕ್ರಿ.ಶ. 775ರ ಹೊತ್ತಿಗೆ ಕಾರ್ಬನ್-14 (ಬಾಹ್ಯಾಕಾಶದ ಕಣಗಳು ಗಾಳಿಗೆ ಬಡಿದಾಗ ಹುಟ್ಟುವ ಇಂಗಾಲ) ದಿಢೀರನೆ ಏರಿದ್ದನ್ನು ಕಂಡರು. ಸೂರ್ಯನ ಒಂದು ಭಾರೀ ಸ್ಫೋಟ ಕಾರಣವಿರಬೇಕು. ಅದೇ ಹೊಡೆತ ಮಂಜಿನಲ್ಲಿ, ಅದೇ ರೀತಿ ಹುಟ್ಟುವ ಬೆರಿಲಿಯಂ-10 ರೂಪದಲ್ಲಿ ಉಳಿದಿರುತ್ತದೆ. ಮಂಜಿನ ಕಂಬ ಓದುವ ವಿಜ್ಞಾನಿ ಮಿಕಾಯೆಲ್ ಸಿಗ್ಲ್ ಅವರ ತಂಡ ಅದನ್ನು ಹುಡುಕಿತು. ಸಿಕ್ಕಿತು, ಆದರೆ ಗ್ರೀನ್‌ಲ್ಯಾಂಡಿನ ಹಳೆಯ ಎಣಿಕೆಯಲ್ಲಿ ಆ ಪದರ ಸುಮಾರು 768ರಲ್ಲಿತ್ತು. ಏಳು ವರ್ಷ ಮುದುಕ! 2015ರಲ್ಲಿ ಲೆಕ್ಕ ತಿದ್ದಿದರು. ಅಲ್ಲಿಯವರೆಗೆ 529ರಲ್ಲಿದ್ದ ದೊಡ್ಡ ಸ್ಫೋಟ 536ಕ್ಕೆ ಸರಿಯಿತು. ಸೂರ್ಯ ಚಂದ್ರನಂತೆ ಮಂಕಾಗಿದ್ದ ಎಂದು ಆ ಕಾಲದ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿಟ್ಟ ವರ್ಷ ಅದೇ. ಮರಗಳು ಚಳಿಗೆ ಸೊರಗಿದ್ದೂ ಅದೇ ವರ್ಷ.

ನನ್ನ ಲೆಕ್ಕ ತಿದ್ದಿಸಲು ನಾನೂ ಒಮ್ಮೆ ಒಂದು ಆಫೀಸಿಗೆ ಹೋಗಿದ್ದೆ. ಗ್ರಹಣದ ಕಥೆ ಪೂರ್ತಿ ಕೇಳಿದ ಗುಮಾಸ್ತರು, 'ಸೂರ್ಯನ ಸಹಿ ಐತೇನ್ರಿ?' ಅಂದರು. ಎರಡು ವರ್ಷ ಮೊದಲೇ ರಿಟೈರ್ ಆಗುತ್ತೇನೆ. ಆಗ ಬೇಕಾದಷ್ಟು ಹೊತ್ತು ಕೆರೆ ದಂಡೆಯಲ್ಲಿ ಕೂರೋಣ.

ಭಾನುವಾರ ಸಿಗು. ಈ ಸಲ ಮಿರ್ಚಿ ನನ್ನದು.

ನಿನ್ನ ದೋಸ್ತ,
ಹುಬ್ಬಳ್ಳಿ