ವೆಲ್ಡಿಂಗ್ ಮಷಿನ್ ತಗೊಳ್ಳೋರ ಗಮನಕ್ಕೆ

"200 ಆಂಪ್ಸಿಂದು (ಆಂಪ್ಸ್ ಅಂದರೆ ಕರೆಂಟಿನ ಅಳತೆ) ಸಾಕಾ?" ಅಂತ ನಮ್ಮ ಗುಂಪಲ್ಲಿ ಮತ್ತೆ ಮತ್ತೆ ಕೇಳ್ತಿದ್ದಾರೆ. ಆಂಪ್ಸ್ ಆಮೇಲೆ, ಬೆಸೆಯೋ ತಗಡು ಎಷ್ಟು ದಪ್ಪ ಅಂತ ಮೊದಲು ನೋಡಿ.

ಕಾರವಾರದ ಉಪ್ಪುಗಾಳಿಗೆ ತುಕ್ಕು ತಿನ್ನೋದು ಕಾರಿನ ಫ್ಲೋರ್, ಬಾಗಿಲ ಅಡಿಭಾಗ. ಅವೆಲ್ಲ ಹೆಚ್ಚುಕಮ್ಮಿ 0.7ರಿಂದ 1 ಮಿ.ಮೀ. ತಗಡು, ಆರ್ಕ್ ವೆಲ್ಡಿಂಗಿನ ರಾಡ್ ಮುಟ್ಟಿಸಿದರೆ ತೂತೇ. ಇದಕ್ಕೆ ಮಿಗ್ ಮಷಿನ್ (ರಾಡ್ ಬದಲು ಸುರುಳಿಯಿಂದ ತೆಳು ವೈರು ತಾನೇ ಬರೋದು), 0.6 ಅಥವಾ 0.8 ಮಿ.ಮೀ. ವೈರು, ಬೆಸುಗೆಗೆ ಗಾಳಿ ತಾಗದ ಹಾಗೆ ಕಾಯೋ ಆರ್ಗಾನ್-ಸಿಓಟು ಮಿಶ್ರ ಗ್ಯಾಸ್ ಬೇಕು. ಹೊಳೆಯೋ ಕಬ್ಬಿಣ ಕಾಣೋವರೆಗೆ ಗ್ರೈಂಡ್ ಮಾಡಿ, ಇಂಚಿಗೊಂದು ಟ್ಯಾಕ್ (ಚುಕ್ಕಿ ಬೆಸುಗೆ) ಹಾಕಿ, ಆರಿದ ಮೇಲೆ ನಡುವೆ ತುಂಬಿ. ಒಂದೇ ಸಮ ಎಳೆದರೆ ತಗಡು ಸುಟ್ಟ ಹಪ್ಪಳದ ಹಾಗೆ ಸೊಟ್ಟಗಾಗ್ತದೆ.

ಅಂಗಳದಲ್ಲಿ ಕಡಲ ಗಾಳಿ ಬೀಸಿದರೆ ಗ್ಯಾಸ್ ಹಾರಿಹೋಗಿ ಬೆಸುಗೆ ತೂತುತೂತಾಗಿ ಜೇನುಗೂಡಾಗ್ತದೆ. ಗ್ಯಾಸ್ ಬೇಡದ ಫ್ಲಕ್ಸ್ ವೈರು (ಒಳಗೆ ಪುಡಿ ತುಂಬಿದ್ದು) ಗಾಳಿಗೆ ತಡೀತದೆ, ಆದರೆ ಟಾರ್ಚನ್ನು (ವೈರು ಹೊರಬರೋ ಹಿಡಿಕೆ) ಮಷಿನ್ನಿನ ಮೈನಸ್‌ಗೆ ಬದಲಿಸಲೇಬೇಕು. ತೆಳು ತಗಡಿಗೆ ಅದು ಬಿಸಿ ಜಾಸ್ತಿ.

ಬ್ರಾಕೆಟ್, ಟ್ರೇಲರ್, 3 ಮಿ.ಮೀ. ಮೇಲಿನದೆಲ್ಲ ಇನ್ವರ್ಟರ್ ಆರ್ಕಿಗೆ (ರಾಡ್ ಹಿಡಿದು ಬೆಸೆಯೋ ಹಗುರ ಮಷಿನ್) ಬಿಡಿ: 2.5 ಮಿ.ಮೀ. 6013 ನಂಬರಿನ ರಾಡ್, 70–90 ಆಂಪ್ಸ್. ಮಷಿನ್ ಮೇಲೆ ಡ್ಯೂಟಿ ಸೈಕಲ್ 60% ಅಂತಿದ್ದರೆ, ಅದರ ಜೊತೆ ಬರೆದಿರೋ ಆಂಪ್ಸಲ್ಲಿ 10 ನಿಮಿಷಕ್ಕೆ 6 ನಿಮಿಷ ಮಾತ್ರ ಬೆಸೀಬಹುದು. ಡಬ್ಬಿ ಮೇಲಿನ ದೊಡ್ಡ ಅಕ್ಷರಕ್ಕಿಂತ ಇದನ್ನ ಓದಿ. ಮಳೆಗಾಲದಲ್ಲಿ ರಾಡು, ವೈರಿನ ಸುರುಳಿ ಎರಡನ್ನೂ ಗಾಳಿಯಾಡದ ಡಬ್ಬದಲ್ಲಿಡಿ.

ಮಿಕ್ಸಿ ಪ್ಲಗ್ಗಿಗೆ ಸಿಕ್ಕಿಸಬೇಡಿ. 4 ಸ್ಕ್ವೇರ್ (ಚದರ ಮಿ.ಮೀ.) ತಾಮ್ರದ ಬೇರೆ ಲೈನು, 25 ಆಂಪ್ಸಿನ ಸಿ-ಟೈಪ್ ಎಂಸಿಬಿ (ಶುರುವಲ್ಲಿ ಕರೆಂಟು ಜಿಗಿದರೂ ಸುಮ್ಮನೆ ಬೀಳದ ಟ್ರಿಪ್ ಸ್ವಿಚ್), ಸರಿಯಾದ ಅರ್ತಿಂಗ್ ಬೇಕು. ವೆಲ್ಡಿಂಗಿಗೆ ಮುಂಚೆ ಗಾಡಿ ಬ್ಯಾಟರಿಯ ಮೈನಸ್ ಬಿಚ್ಚಿ, ಅರ್ತ್ ಕ್ಲ್ಯಾಂಪನ್ನ ಬೆಸೆಯೋ ಜಾಗದ ಪಕ್ಕದಲ್ಲೇ ಹಚ್ಚಿ. ದೂರ ಹಚ್ಚಿದರೆ ಕರೆಂಟು ಚಕ್ರದ ಬೇರಿಂಗ್ ಮೂಲಕ ದಾರಿ ಹುಡುಕಿ ಅದನ್ನ ಹಾಳು ಮಾಡ್ತದೆ.