ಮಂಡೆ ಬಿಸಿ ಮಾಡ್ಬೇಡ ಮಾರಾಯ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ಓದಿದೆ. ಟಿವಿಯವರಿಗೆ ಬೇರೆ ಕೆಲಸವೇ ಇಲ್ಲವಾ, ಬೆಳಗ್ಗೆಯಿಂದ ರಾತ್ರಿಯವರೆಗೆ ನಮ್ಮ ನಾಯಕರನ್ನೇ ಬಯ್ಯುತ್ತಾರಲ್ಲ ಅಂತ ಬರೆದಿದ್ದೀಯ. ಅದಕ್ಕಿಂತ ನನಗೆ ಬೇಸರ ಆದದ್ದು ಕೊನೆಯ ಸಾಲು ಓದಿ. ಇದೇ ವಿಷಯಕ್ಕೆ ಭಾವನ ಜೊತೆ ಮಾತು ಬಿಟ್ಟಿದ್ದೀಯಂತೆ, ಮನೆಯವರ ವಾಟ್ಸಾಪ್ ಗ್ರೂಪಿನಿಂದಲೂ ಹೊರಗೆ ಬಂದಿದ್ದೀಯಂತೆ. ನಿನ್ನ ಪಕ್ಷ ಸರಿಯೋ ತಪ್ಪೋ ಅಂತ ನಾನು ಇಲ್ಲಿ ವಾದ ಮಾಡುವುದಿಲ್ಲ. ನಿನ್ನ ಸಿಟ್ಟಿನ ಬಗ್ಗೆ ಮಾತ್ರ ಹೇಳುತ್ತೇನೆ.

ರಾತ್ರಿ ಒಂಬತ್ತರ ಚರ್ಚೆ ತಗೋ. ಪರದೆ ತುಂಬಾ ಮುಖಗಳು, ಎಲ್ಲರೂ ಒಟ್ಟಿಗೆ ಕೂಗುತ್ತಾರೆ, ನಿರೂಪಕರು ಅವರಿಗಿಂತ ಜೋರು, ಕೆಳಗೆ ಕೆಂಪು ಪಟ್ಟಿಯಲ್ಲಿ ಅಕ್ಷರ ಓಡುತ್ತಾ ಇರುತ್ತದೆ, ಒಂದು ಗಂಟೆ ಕೂತು ನೋಡಿದ ಮೇಲೆ ಯಾವ ಪ್ರಶ್ನೆಗೆ ಉತ್ತರ ಸಿಕ್ಕಿತು ಅಂತ ಕೇಳಿದರೆ ಯಾವುದಕ್ಕೂ ಇಲ್ಲ. ಸಿಟ್ಟು ಬಂದವನು ಚಾನೆಲ್ ಬದಲಾಯಿಸುವುದಿಲ್ಲ, ಅದು ಅವರಿಗೆ ಚೆನ್ನಾಗಿ ಗೊತ್ತು. ನೀನು ಕೂತಷ್ಟು ಹೊತ್ತು ಜಾಹೀರಾತು ಓಡುತ್ತದೆ. ನಿನ್ನ ಬಿ.ಪಿ. ಏರಿದ್ದರಿಂದ ನಿನ್ನ ನಾಯಕರಿಗೆ ಎಂತ ಸಿಕ್ಕಿತು ಹೇಳು.

ಈಗ ನಮ್ಮ ತಾಳಮದ್ದಳೆ ನೆನಪು ಮಾಡಿಕೋ, ಯಕ್ಷಗಾನದ್ದೇ ಕೂತು ಮಾತಾಡುವ ರೂಪ. ನಾವಿಬ್ಬರೂ ಚಿಕ್ಕಂದಿನಿಂದ ಕೇಳಿದವರು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಪದ, ಚೆಂಡೆ ಮದ್ದಳೆ, ಮತ್ತೆ ಬರೀ ಮಾತು. ವಾಲಿ ಬಿದ್ದುಕೊಂಡೇ ರಾಮನನ್ನು ಕೇಳುತ್ತಾನಲ್ಲ, ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಅಂತ. ದೇವಸ್ಥಾನದ ಅಂಗಳದಲ್ಲಿ, ದೇವರ ಎದುರಿಗೇ, ದೇವರನ್ನೇ ಕೇಳುವ ಪ್ರಶ್ನೆ ಅದು. ಕೂತು ಕೇಳುವವರೆಲ್ಲ ಭಕ್ತರು. ಯಾರೂ ಎದ್ದು ಕಲ್ಲು ಹೊಡೆಯಲಿಲ್ಲ, ತಲೆದೂಗಿದರು. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳನ್ನು, ಅಂದರೆ ಪಾತ್ರದ ಮಾತು ಆಡುವವರನ್ನು, ಜನ ಇವತ್ತಿಗೂ ನೆನೆಯುವುದು ಈ ವಾದದ ಶಕ್ತಿಗೇ. ಮತ್ತೆ ರಾಮನ ಅರ್ಥ ಹೇಳುವವರ ಕೆಲಸ ನೋಡು. ಅವರಿಗೆ ನಿಜವಾಗಿಯೂ ಸಿಟ್ಟು ಬಂದರೆ ಪ್ರಸಂಗ ಅಲ್ಲಿಗೇ ಕೆಟ್ಟಿತು. ವಾಲಿಯ ಮಾತನ್ನು ಅವರು ಪೂರ್ತಿ ಕೇಳಬೇಕು, ಯಾವುದರಲ್ಲಿ ಹುರುಳಿದೆ, ಯಾವುದು ಸುಮ್ನೆ ಕೆಣಕಲಿಕ್ಕೆ ಹೇಳಿದ್ದು ಅಂತ ಮನಸ್ಸಿನಲ್ಲೇ ಬೇರೆ ಮಾಡಬೇಕು, ಆಮೇಲೆ ಹುರುಳಿದ್ದಕ್ಕೆ ಉತ್ತರ ಕೊಡಬೇಕು. ರಾಮನನ್ನೇ ಪ್ರಶ್ನೆ ಕೇಳಿದ ಊರಿನವರು ನಾವು. ಒಬ್ಬ ಶಾಸಕರನ್ನೋ ಮಂತ್ರಿಯನ್ನೋ ಕೇಳಬಾರದಾ?

ಮಂಗಳೂರಿನ ಪಂಪ್‌ವೆಲ್ ಫ್ಲೈಓವರ್ ಕಥೆ ನಿನಗೇ ಗೊತ್ತು. ವರ್ಷಗಟ್ಟಲೆ ಮುಗಿಯಲಿಲ್ಲ, ಪೇಪರಿನಲ್ಲಿ, ಟಿವಿಯಲ್ಲಿ, ಮೊಬೈಲಿನಲ್ಲಿ ಎಲ್ಲಿ ನೋಡಿದರೂ ಅದರದ್ದೇ ಟ್ರೋಲು, ಕೊನೆಗೆ ಉದ್ಘಾಟನೆ ಆದದ್ದು 2020ರ ಜನವರಿ 31ಕ್ಕೆ. ಆ ಟ್ರೋಲುಗಳಲ್ಲಿ ಕೀಳು ಮಾತೂ ಇತ್ತು, ಒಪ್ಪುತ್ತೇನೆ. ಆದರೆ ಒಳಗೆ ಇದ್ದ ಪ್ರಶ್ನೆ ನ್ಯಾಯದ್ದು: ಯಾವಾಗ ಮುಗಿಸುತ್ತೀರಿ? ಬಸ್ಸಿನಲ್ಲಿ ಬೆವರುತ್ತಾ ನಿಂತವರು ಕೇಳಿದ್ದು ಅದು. ಅವರು ಯಾವ ಪಕ್ಷ ಅಂತ ನೋಡಿ ಉತ್ತರ ಕೊಡಲಿಕ್ಕೆ ಆಗುತ್ತದಾ?

ಭಾವನೂ ಅಂಥದ್ದೇ ಏನೋ ಕೇಳಿರಬೇಕು. ನಾಯಕರನ್ನು ಅಂದರೆ ನಿನ್ನನ್ನೇ ಅಂದ ಹಾಗೆ ನಿನಗೆ ಅನಿಸುತ್ತದೆ, ಇಷ್ಟು ವರ್ಷ ಅವರಿಗಾಗಿ ಮನೆಮನೆ ತಿರುಗಿದವನಿಗೆ ಹಾಗೆ ಅನಿಸುವುದು ಸಹಜ. ಆದರೆ ನಿನ್ನ ಅಪ್ಪ ಆಸ್ಪತ್ರೆಯಲ್ಲಿದ್ದಾಗ ರಾತ್ರಿಯೆಲ್ಲ ಪಕ್ಕದಲ್ಲಿ ಕೂತವರು ಯಾರು? ಅವರ ಜೊತೆ ಟಿವಿ ಚರ್ಚೆಗಾಗಿ ಮಾತು ಬಿಡುವುದು ನನಗೆ ಸರಿ ಕಾಣುವುದಿಲ್ಲ.

ಟೀಕೆಯ ಬಾಯಿ ಮುಚ್ಚಿಸಿದ ಕಾಲವೂ ಈ ದೇಶಕ್ಕೆ ಬಂದಿತ್ತು. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ. ಪತ್ರಿಕೆಗಳಿಗೆ ಸೆನ್ಸಾರ್. ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಅಚ್ಚು ಹಾಕಿದ ಪತ್ರಿಕೆಯೂ ಇತ್ತು. ನಮ್ಮ ಕೋಟದ ಶಿವರಾಮ ಕಾರಂತರು ಪದ್ಮಭೂಷಣ ವಾಪಸು ಮಾಡಿದರು. ಸರಕಾರವನ್ನು ಬಯ್ಯದ ಪೇಪರು ಆಗ ದಿನಾ ಬೆಳಗ್ಗೆ ಬರುತ್ತಿತ್ತು, 1977ರಲ್ಲಿ ಆ ಸರಕಾರ ಸೋತಿತು. ನೀನು ಬೇಕು ಅನ್ನುತ್ತಿರುವುದು ಅಂಥ ಪೇಪರಾ?

ಇನ್ನೊಂದು ಸಂಗತಿ ನನಗೆ ಯಾವಾಗಲೂ ಇಷ್ಟ. 1937ರಲ್ಲಿ ಕಲ್ಕತ್ತೆಯ ಮಾಡರ್ನ್ ರಿವ್ಯೂ ಪತ್ರಿಕೆಯಲ್ಲಿ ಚಾಣಕ್ಯ ಅನ್ನುವ ಹೆಸರಿನಲ್ಲಿ ಒಂದು ಲೇಖನ ಬಂತು. ನೆಹರೂಗೆ ಅಹಂಕಾರ ಜಾಸ್ತಿ, ಸರ್ವಾಧಿಕಾರಿ ಆಗಿಬಿಡಬಹುದು, ಮತ್ತೆ ಅವರನ್ನು ಕಾಂಗ್ರೆಸ್ ಅಧ್ಯಕ್ಷ ಮಾಡಬೇಡಿ ಅಂತ ಅದರ ಸಾರ. ಬರೆದದ್ದು ಸ್ವತಃ ನೆಹರೂ. ನಿನಗೆ ನೆಹರೂ ಇಷ್ಟವೋ ಇಲ್ಲವೋ, ಅದು ಬೇರೆ. ಹೀಗೆ ತನ್ನನ್ನು ತಾನೇ ಎದುರು ಕೂರಿಸಿ ಕೇಳಲಿಕ್ಕೆ ಎಷ್ಟು ಜನರಿಗೆ ಧೈರ್ಯ ಇದೆ?

ಸುಳ್ಳು ವರದಿ ಬರುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಬರುತ್ತದೆ, ಅದಕ್ಕೆ ನನಗೂ ಸಂಕಟ ಆಗುತ್ತದೆ. ಅದಕ್ಕೆ ದಾರಿ ಇದೆ. ಪೇಪರಾದರೆ ಮೊದಲು ಸಂಪಾದಕರಿಗೆ ಬರಿ, ಅವರು ಕೇಳದಿದ್ದರೆ ಪ್ರೆಸ್ ಕೌನ್ಸಿಲ್ ಇದೆ. ಟಿವಿಯಾದರೆ ಮೊದಲ ದೂರು ಚಾನೆಲಿಗೇ, 2021ರ ನಿಯಮದ ಪ್ರಕಾರ 15 ದಿನದೊಳಗೆ ಅವರು ತೀರ್ಮಾನ ತಿಳಿಸಬೇಕು. ರಾತ್ರಿ ಹನ್ನೊಂದಕ್ಕೆ ಸ್ಟೇಟಸ್ ಹಾಕಿದರೆ ಇದ್ಯಾವುದೂ ಆಗುವುದಿಲ್ಲ ಅಲ್ವಾ?

ನೀನು ಕಳಿಸಿದ ಆ ವರದಿ ನೋಡಿದೆ. ಸಭೆಯ ತಾರೀಕು ತಪ್ಪು ಹೇಳಿದ್ದಾರೆ ಅನ್ನುತ್ತೀಯಲ್ಲ, ಅದರ ದಾಖಲೆ ತೆಗೆ. ಒಂದು ಪುಟ ಮೀರದ ಹಾಗೆ ಬರಿ, ಯಾರನ್ನೂ ಬಯ್ಯಬೇಡ. ಹಣ ಎಲ್ಲಿ ಹೋಯಿತು ಅಂತ ಅದೇ ವರದಿಯಲ್ಲಿ ಕೇಳಿದ್ದಾರೆ, ಅದಕ್ಕೆ ನಿನ್ನಲ್ಲಿ ಉತ್ತರ ಇಲ್ಲ, ನನ್ನಲ್ಲೂ ಇಲ್ಲ. ಅದನ್ನು ನಿನ್ನ ನಾಯಕರ ಕಚೇರಿಗೇ ಹೋಗಿ ಕೇಳು. ಅಷ್ಟು ವರ್ಷ ದುಡಿದವನಿಗೆ ಕೇಳುವ ಹಕ್ಕಿದೆ. ಕರಡು ಆದ ಕೂಡಲೇ ನನಗೆ ಕಳಿಸು, ಎಷ್ಟು ಹೊತ್ತಾದರೂ ಓದಿಯೇ ಮಲಗುತ್ತೇನೆ.

ನಿನ್ನ ಗೆಳೆಯ,
ಉಡುಪಿಯಿಂದ